ಅತ್ತೆಯ ನೆಗಡಿಗೆ ಮಗನ ಸ್ಪ್ರೇ

ಸ್ನೇಹಿತರೇ, ಮಧ್ಯಾಹ್ನ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಸುಸ್ತಾಗಿ ಮನೆಗೆ ಬಂದೆ. ಧಾರವಾಡದಿಂದ ಬಂದಿರುವ ನಮ್ಮ ಅತ್ತೆ ಮೂಗೊರೆಸಿಕೊಳ್ಳುತ್ತಾ ಕೂತಿದ್ದರು.

“ಮೂಗು ಕಟ್ಟಿತ್ತವಾ. ಫ್ರಿಜ್ ಮ್ಯಾಲಿನ ಸ್ಪ್ರೇ ಎರಡೂ ಹೊಡಕೊಂಡೆ, ಹೊಳ್ಳಿಗೆ ಒಂದೊಂದು. ಏನೂ ಉಪಯೋಗ ಆಗಲಿಲ್ಲ ನೋಡು!”

ಓಡಿಹೋಗಿ ನೋಡಿದೆ, ಎರಡೂ ಖಾಲಿ. ಅದು ನೆಗಡಿಯ ಔಷಧವಲ್ಲ, ನಲಾಕ್ಸೋನ್. ಬೆನ್ನಿನ ಆಪರೇಷನ್ ಆದಮೇಲೆ ನನ್ನ ಗಂಡ ನೋವಿಗೆ ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ಹೆಚ್ಚಾಗಿ ಉಸಿರು ನಿಧಾನವಾದರೆ, ಆಂಬುಲೆನ್ಸ್ ಬರುವತನಕ ಜೀವ ಉಳಿಸಲು ಇರುವ ಸ್ಪ್ರೇ. ಜಿಪಿ, ಅಂದರೆ ಇಲ್ಲಿನ ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಗೋಗರೆದು ಬರೆಸಿಕೊಂಡದ್ದು.

ಫಾರ್ಮಸಿಸ್ಟ್‌ಗೆ ಫೋನ್ ಮಾಡಿದೆ. ಅತ್ತೆಗೆ ಏನೂ ಆಗುವುದಿಲ್ಲವಂತೆ. ಹೊಸದು ಬೇಕೆಂದರೆ ಮತ್ತೆ ಜಿಪಿಯ ಚೀಟಿ ಬೇಕಂತೆ.

“ಅವ್ವಗ ಹೇಳಬ್ಯಾಡ, ಗಾಬರಿ ಆಗ್ತಾಳ” ಎಂದು ಗಂಡ ಮೊದಲೇ ತಾಕೀತು ಮಾಡಿದ್ದರು. ಇವತ್ತು ಬೇರೆ ದಾರಿಯಿರಲಿಲ್ಲ, ಎಲ್ಲ ಹೇಳಿದೆ. ಅತ್ತೆ ಮೂಗೊರೆಸುತ್ತಿದ್ದ ಕರವಸ್ತ್ರ ಮಡಿಸಿಟ್ಟರು.

“ನೀ ಡ್ಯೂಟಿಗೆ ಹೋಗ್ತಿ. ಹಗಲೆಲ್ಲ ಅವನ ಜೋಡಿ ಮನಿಯಾಗ ಇರೂದು ನಾನು. ನನಗ ಹೇಳದ ಮತ್ಯಾರಿಗೆ ಹೇಳಾವರಿದ್ರಿ?”

ಇವರು ಎಚ್ಚರಾಗದಿದ್ದರೆ ಆಂಬುಲೆನ್ಸಿನ 999 ನಂಬರಿಗೆ ಏನು ಹೇಳಬೇಕೆಂದು ಕಲಿಸಿದೆ. ಖಾಲಿ ಸ್ಪ್ರೇ ಹಿಡಿದು ಒತ್ತುವುದನ್ನು ತೋರಿಸಹೋದರೆ, “ಅದು ಗೊತ್ತೈತಿ ಬಿಡು” ಎಂದರು.

ಜಿಪಿ ರಿಸೆಪ್ಷನ್ನಿನವರು ಚೀಟಿ ನಾಳೆ ಎಂದಿದ್ದಾರೆ. ಈಗ ಅತ್ತೆ ಮಗನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಇವರು ಕಣ್ಣು ಮುಚ್ಚಿದ ಕೂಡಲೇ ಭುಜ ಹಿಡಿದು ಅಲುಗಿಸುತ್ತಾರೆ: “ಉಸಿರಾಡಾಕ ಹತ್ತಿಯೇನೋ?”

ಇವತ್ತು ನನ್ನ ಗಂಡನನ್ನು ಮಾರ್ಫಿನ್ ಕೂಡ ಮಲಗಿಸಲಾರದು.