ಗೇಟಿನ ಕಾಕಾ ಕಲಿಸಿದ ಭಾಗಾಕಾರ

ಗೇಟಿನ ಕಾಕಾರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಕಾಲುವೆಯ ಗೇಟು ಏರಿಸುವ ಹಲ್ಲುಚಕ್ರದಲ್ಲಿ ಸಿಕ್ಕಿ ಮೊದಲ ಗೆಣ್ಣಿನವರೆಗೆ ತುಂಡಾಗಿ ಹೋಗಿತ್ತು. ಹಾಗಾಗಿ ಸೀಮೆಸುಣ್ಣದ ಖಡುವನ್ನು ಹೆಬ್ಬೆರಳಿಗೂ ನಡುಬೆರಳಿಗೂ ಮಧ್ಯೆ ಒತ್ತಿ ಹಿಡಿದು, ಗೇಟಿನ ಪಕ್ಕದ ಕೋಣೆಯ ಗೋಡೆಯ ಮೇಲೆ ದೊಡ್ಡ ದೊಡ್ಡ ಅಂಕಿ ಬರೆಯುತ್ತಿದ್ದರು. ಬರೆದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಬೇರೆ ಯಾರೋ ಬರೆದದ್ದೇನೋ ಎಂಬಂತೆ ನೋಡುತ್ತಿದ್ದರು.

ಹುಣಸಗಿ ಕಡೆಯ ನಮ್ಮೂರಿಗೆ ಕಾಲುವೆ ಬಂದು ನಾಲ್ಕೈದು ವರ್ಷವಾಗಿತ್ತು. ಅದರ ಗೇಟು ಏರಿಸಿ ಇಳಿಸುವ ನೌಕರಿ ಕಾಕಾರದು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ನಾಟಿಗೆ ಎಷ್ಟು ಜನ ಬಂದರೂ ಸಾಲುತ್ತಿರಲಿಲ್ಲ. ನಾನು ನಾಲ್ಕನೇ ತರಗತಿಯಲ್ಲಿ ಒಮ್ಮೆ ನಪಾಸಾಗಿ ಅಲ್ಲೇ ಕುಳಿತಿದ್ದೆ. ಬರೀ ಅಂಕಿ ಕೊಟ್ಟರೆ ಭಾಗಾಕಾರ ಹೇಗೋ ಮಾಡುತ್ತಿದ್ದೆ. ಅದನ್ನೇ ಮಾತಿನ ಲೆಕ್ಕ ಮಾಡಿ ಕೊಟ್ಟರೆ, ಕೂಡಬೇಕೋ, ಕಳೆಯಬೇಕೋ, ಏನೂ ತಿಳಿಯುತ್ತಿರಲಿಲ್ಲ.

"ಮತ್ತ ನಪಾಸಾದ್ರ ಸಾಲಿ ಸಾಕು. ನನ್ನ ಜೊತಿ ನಾಟಿಗೆ ಬಾ," ಎಂದು ಅವ್ವ ಹೇಳಿಬಿಟ್ಟಿದ್ದಳು. ಸಿಟ್ಟಿನಿಂದ ಹೇಳಿದ್ದಲ್ಲ, ದಿನವಿಡೀ ಕೆಸರಿನಲ್ಲಿ ಬಗ್ಗಿ ಬಂದು ಸೊಂಟ ಹಿಡಿದುಕೊಂಡು ಹೇಳಿದ್ದು.

ಅದು ಕಾಕಾರ ಕಿವಿಗೆ ಬಿತ್ತು. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತರು.

"ತಂಗಿ, ಪರೀಕ್ಷಾ ಮುಗಿಯೋತನಕ ಹುಡುಗಿನ್ನ ಸಂಜಿಕ ಗೇಟಿನ ಹತ್ರ ಕಳಸು. ಆಮ್ಯಾಲ ನಿನ್ನ ಮರ್ಜಿ."

"ನೀವೇನು ಮಾಸ್ತರೇನ್ರಿ ಅಣ್ಣಾರ?" ಅವ್ವ ನಕ್ಕಳು.

"ಮಾಸ್ತರ ಅಲ್ಲ ಬಿಡು. ಆದ್ರ ನನಗ ಸಂಜಿಕ ಪುರಸೊತ್ತದ."

ನನ್ನ ಹಿಂದೆಯೇ ಇನ್ನೂ ನಾಲ್ಕು ಮಕ್ಕಳು ಬಂದರು. ಲೆಕ್ಕ ಓದಿದ ಕೂಡಲೇ ನಾವು ಪಾಟಿಯ ಮೇಲೆ ಅಂಕಿ ಬರೆಯಲು ಹೋದರೆ ಕಾಕಾ ಕೈ ಹಿಡಿಯುತ್ತಿದ್ದರು. "ಅಂಕಿ ಆಮ್ಯಾಲ ಮುಟ್ಟು. ಮೊದಲ ಅಲ್ಲಿ ಏನು ನಡದದ ಹೇಳು."

ಅವರದು ಕೃಷ್ಣೆಯ ದಂಡೆಯ ಮನೆತನ. ಅಪ್ಪ ಹರಗೋಲು ಹಾಕುತ್ತಿದ್ದವರು. ಅದಕ್ಕೇ ಅವರ ಲೆಕ್ಕಗಳಲ್ಲಿ ಹೊಳೆ ಇದ್ದೇ ಇರುತ್ತಿತ್ತು. ಒಂದು ದಿನ ಕೇಳಿದರು: "ಇಪ್ಪತ್ಮೂರು ಮಂದಿ ಹೊಳಿ ದಾಟಬೇಕು. ಹರಗೋಲಿನಾಗ ಸಲಕ್ಕ ಐದೇ ಮಂದಿ. ಎಷ್ಟು ಸಲ ಹೋಗಬೇಕು?"

ನಾನು ಪಟ್ಟನೆ ಮಾಡಿ ತೋರಿಸಿದೆ. "ನಾಕು ಸಲ, ಶೇಷ ಮೂರು."

"ಆ ಮೂರು ಮಂದಿನ್ನ ದಂಡಿ ಮ್ಯಾಲೇ ಬಿಟ್ಟು ಬರ್ತಿಯೇನವ್ವ?"

ಪಾಟಿ ನೋಡಿದೆ. ಶೇಷ ಎಂದು ಬರೆದ ಕಡೆ ಮೂವರು ಗಂಟು ಹಿಡಿದುಕೊಂಡು ನಿಂತಂತೆ ಕಂಡಿತು. "ಅವರ ಸಲುವಾಗಿ ಇನ್ನೊಮ್ಮಿ ಹೋಗಬೇಕ್ರಿ ಕಾಕಾ. ಐದು ಸಲ."

ಅವರು ಶಹಬ್ಬಾಸ್ ಅನ್ನಲಿಲ್ಲ. ತಲೆ ಆಡಿಸಿ ನೀರಿನ ಮಟ್ಟ ನೋಡಲು ಹೋದರು. ನಾನು ಮಾತ್ರ ಮನೆಯವರೆಗೂ ಓಡಿದೆ.

ಪರೀಕ್ಷೆಗೆ ಸ್ವಲ್ಪ ದಿನವಿದ್ದಾಗ ಇನ್ನೊಂದು ಲೆಕ್ಕ ಕೊಟ್ಟರು. ಆರುನೂರಾ ಹದಿನೆಂಟು ಬೇವಿನ ಸಸಿ, ಆರು ಊರಿಗೆ ಸಮನಾಗಿ ಹಂಚಬೇಕು. ನಮಗೆ ಬಾರದಿದ್ದಾಗ ತಾವೇ ಗೋಡೆಯ ಮೇಲೆ ಮಾಡಿದರು. ಉತ್ತರ ಹದಿಮೂರು ಎಂದು ಬರೆದು ಹಿಂದೆ ಸರಿದು ನಿಂತರು.

ನನಗೆ ಏನೋ ಸರಿ ಕಾಣಲಿಲ್ಲ. ಪಾಟಿಯ ಮೇಲೆ ಗುಣಿಸಿ ನೋಡಿದೆ. "ಕಾಕಾ, ಊರಿಗೆ ಹದಿಮೂರು ಕೊಟ್ರ ಎಪ್ಪತ್ತೆಂಟು ಸಸಿ ಅಷ್ಟೇ ಆಗ್ತಾವ್ರಿ. ಉಳಿದ ಸಸಿ ಎಲ್ಲಿ ಹೋದ್ವು?"

ಕಾಕಾ ಗೋಡೆಯನ್ನೇ ನೋಡುತ್ತ ನಿಂತರು. ನಾನೇ ಎದ್ದು, ಒಂದಕ್ಕೂ ಮೂರಕ್ಕೂ ನಡುವೆ ಸೊನ್ನೆ ಬರೆದೆ: ನೂರಾ ಮೂರು. ಬೈಯುತ್ತಾರೆಂದು ಹೆದರಿಕೆಯಾಯಿತು.

ಅವರು ಕೆಳಗೆ ಕುಳಿತುಕೊಂಡರು. "ಇದೇ ಸೊನ್ನಿ ನೋಡವ್ವ. ನಾಕನೇತ್ತದಾಗ ಇದನ್ನ ಬಿಟ್ಟೆ ಅಂತ ಮಾಸ್ತರು ಹೊಡದಿದ್ರು. ಮರುದಿನದಿಂದ ಸಾಲಿ ಕಡೆ ಹೋಗಲಿಲ್ಲ, ಹರಗೋಲು ಹಿಡದೆ." ಆಮೇಲೆ ಸಣ್ಣ ದನಿಯಲ್ಲಿ, "ಮಧ್ಯಾಹ್ನ ಕೋಣ್ಯಾಗ ಕುಂತು ನಿಮ್ಮ ಪುಸ್ತಕ ಓದಕೋತೇನಿ. ನಾನೂ ನಿಮ್ಮ ಜೊತಿಗೇ ಕಲಿಯಾಕತ್ತೇನಿ," ಎಂದರು. ಖಡುವನ್ನು ನನ್ನ ಕೈಗೆ ಕೊಟ್ಟರು. "ಹೇಳು, ಆ ಸೊನ್ನಿ ಯಾಕ ಬಂತು?"

ನಾನು ಹೇಳಿಕೊಟ್ಟೆ. ತಡವರಿಸುತ್ತ, ಎರಡೆರಡು ಸಲ. ಅವರು ಕೊನೆಯವರೆಗೂ ಕೇಳಿದರು. ನಪಾಸಾದ ಹುಡುಗಿಯ ಮಾತನ್ನು ದೊಡ್ಡವರೊಬ್ಬರು ಹಾಗೆ ಕೇಳಿದ್ದು ಅದೇ ಮೊದಲು.

ಆ ವರ್ಷ ಪಾಸಾದೆ. ಅವ್ವ ಮತ್ತೆ ನಾಟಿಯ ಮಾತೆತ್ತಲಿಲ್ಲ. ಓದು ಮುಂದುವರಿದು, ಶಹಾಪುರ ತಾಲೂಕಿನ ಒಂದು ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ಕಾಕಾ ನಿವೃತ್ತರಾಗಿ ತಮ್ಮ ದಂಡೆಯ ಊರಿಗೆ ಹೋಗಿದ್ದರು. ಹೋಗಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು.

ಕಾಕಾ ತೀರಿಕೊಂಡರೆಂಬ ಸುದ್ದಿ ಬಂದಾಗ ತರಗತಿಯಲ್ಲಿದ್ದೆ. ಸುರಪುರದಲ್ಲಿ ಬಸ್ಸು ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

"ನೀ ಪಾಸಾದ ಎರಡು ವರ್ಷಕ್ಕ ಅವರೂ ಏಳನೇತ್ತ ಪರೀಕ್ಷಾ ಕಟ್ಟಿದ್ರವ್ವ. ಮೀಸಿ ಬೆಳ್ಳಗಾದಾಂವ ಹುಡುಗರ ಸಂಗಾಟ ಕುಂತು ಬರೀತಾನ ಅಂತ ಊರು ನಗ್ತದಂತ ಯಾರಿಗೂ ಹೇಳಗೊಟ್ಟಿರಲಿಲ್ಲ."

"ಪಾಸಾದ್ರೇನ್ರಿ?"

"ಆದ್ರು. ಲೆಕ್ಕದಾಗ ಎಲ್ಲಕ್ಕಿಂತ ಹೆಚ್ಚು ಮಾರ್ಕ್ಸ್ ಬಂದಿದ್ವು. ನಮ್ಮ ಮಾಸ್ತರಬಾಯಿ ಕಲಿಸ್ಯಾಳಂತ ಅವತ್ತು ದಿನಾ ಪೂರಾ ನಿನ್ನ ಹೆಸರೇ ಹೇಳಿದ್ರು."

ಬಸ್ಸಿನಲ್ಲಿ ಬರುವಾಗಲೂ, ಹೊಸ ಮಣ್ಣಿನ ಮುಂದೆ ನಿಂತಾಗಲೂ ಬಾರದ ಅಳು ಆಗ ಬಂತು.