ಬೆಲ್ಲ ನೋಡುವ ಕಾಕಾನ ಲಿವರ್

"ಎಷ್ಟು ಕುಡೀತೀರಿ?" ಎಂದು ಗೋಕಾಕದ ಡಾಕ್ಟರು ಕೇಳಿದಾಗ ನನ್ನ ಕಾಕಾ ನಕ್ಕುಬಿಟ್ಟರು. ಮೂಡಲಗಿಯಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸುವ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನ ಮನುಷ್ಯನಿಗೆ ಆ ಪ್ರಶ್ನೆ ತಮಾಷೆಯಾಗಿತ್ತು. ಪಕ್ಕದಲ್ಲಿದ್ದ ಅವರ ಹೆಂಡತಿ, ನಮ್ಮ ಕಾಕುಗೆ, ಅದು ಜಾರಿಕೊಳ್ಳುವ ನಗುವಾಗಿ ಕಂಡಿತು.

ಕಾಕಾನ ಸಕ್ಕರೆ ಕಾಯಿಲೆ ಹಳೆಯದು. ಹೊಟ್ಟೆ ಅದಕ್ಕಿಂತ ಹಳೆಯದು. ಸ್ಕ್ಯಾನಿನಲ್ಲಿ ಲಿವರಿನ ತುಂಬ ಕೊಬ್ಬು. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರಿತ್ತು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು ಸುಮ್ಮನಿರಲಿಲ್ಲ. "ಕುಡಿದದ್ದಕ್ಕ ಇದು ಪುರಾವೇನ್ರಿ?"

"ಅಲ್ಲವ್ವಾ," ಅಂದರು ಡಾಕ್ಟರು. "ಒಳಗ ಬೆಂಕಿ ಐತಿ ಅಂತ ಹೇಳತೈತಿ, ಹಚ್ಚಿದವರು ಯಾರು ಅಂತ ಹೇಳಂಗಿಲ್ಲ. ಬೊಜ್ಜು, ಸಕ್ಕರಿ ಇಷ್ಟಿದ್ರೂ ಸಾಕು."

ಕಾಕುಗೆ ಸಾಕಾಗಲಿಲ್ಲ. ಮನೆಯಲ್ಲಿ ಅವಳು ಚಹಾಕ್ಕೂ ಸಕ್ಕರೆ ಹಾಕುತ್ತಿರಲಿಲ್ಲ. ಹಾಗಾದರೆ ಬೆಂಕಿ ಎಲ್ಲಿಂದ? ಮರುದಿನ ಬೆಳಿಗ್ಗೆಯೇ ಹುಕ್ಕೇರಿಯ ಅಣ್ಣನಿಗೆ ಫೋನು ಮಾಡಿದಳು.

"ನಮ್ಮಣ್ಣ ಬರಾಕತ್ತಾನ. ಖರೆ ಹೇಳ್ರಿ, ಇಲ್ಲಾಂದ್ರ ನಾ ಹೊಂಟೆ."

"ದೇವರಾಣಿ, ಮುಟ್ಟಿಲ್ಲ."

"ನಮ್ಮಪ್ಪನೂ ಹಿಂಗ ಆಣಿ ಮಾಡತಿದ್ದ. ಲಿವರ್ ಒಡದು ಸತ್ತ."

ಆಣೆ ಪುರಾವೆಯಲ್ಲ ಎಂಬುದರಲ್ಲಿ ನಾನು ಕಾಕುವಿನ ಪರ. ಆದರೆ ಅಪ್ಪ ಸುಳ್ಳು ಹೇಳಿದ್ದಕ್ಕೆ ಗಂಡನೂ ಹೇಳುತ್ತಾನೆ ಎನ್ನುವುದು ಯಾವ ತರ್ಕ? ಕಾಕಾನ ಬೆನ್ನು ಬಿಡದೆ ಅಂಗಡಿಗೆ ಹೋದೆ.

ಗಾಡಿಗಳಿಂದ ಬೆಲ್ಲದ ಪೆಂಟಿಗಳು, ದೊಡ್ಡ ದೊಡ್ಡ ಅಚ್ಚುಗಳು, ಇಳಿಯುತ್ತಿದ್ದವು. ಕಾಕಾ ಒಂದೊಂದು ಪೆಂಟಿಗೂ ಚಾಕುವಿನ ಮೊನೆ ಚುಚ್ಚಿ, ಬೆಲ್ಲದ ಚೂರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಆಮೇಲೆ ದರ ಹೇಳುತ್ತಿದ್ದರು.

"ಕಾಕಾ, ಏನ್ ಮಾಡಾಕತ್ತೀರಿ?"

"ಬೆಲ್ಲ ನೋಡಾಕತ್ತೇನಿ."

"ನುಂಗಿದ್ರಿ."

"ನೋಡೂದಂದ್ರ ತಿನ್ನೂದೇನು? ಇಲ್ಲೂ ವಾದ ಮಾಡಾಕ ಬಂದಿ?"

ಚೀಲ ಹೊತ್ತಿದ್ದ ಹಮಾಲ ನಕ್ಕ. "ಸಾವಕಾರ್ರು ನೋಡಿ ನೋಡೇ ಇಷ್ಟು ದಪ್ಪ ಆಗ್ಯಾರ್ರೀ ಅಕ್ಕಾರ!"

ಕಾಕಾ ನಗಲಿಲ್ಲ. ಚಾಕು ಕೆಳಗಿಟ್ಟು ನನ್ನ ಜೊತೆ ಮನೆಗೆ ಬಂದರು. ಕಾಕುವಿನ ಅಣ್ಣ ಆಗಲೇ ಪಡಸಾಲೆಯಲ್ಲಿ ಕುಳಿತಿದ್ದ, ಚಪ್ಪಲಿ ಬಿಟ್ಟಿರಲಿಲ್ಲ. ಕಂಡದ್ದನ್ನು ಹೇಳಿದೆ. ಬೆಲ್ಲ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸುವ ತನಕ ಇದೂ ಬರೀ ಅನುಮಾನವೇ ಎಂದೂ ಸೇರಿಸಿದೆ. ಕಾಕು ನನ್ನತ್ತ ನೋಡದೆ ಗಂಡನನ್ನೇ ಕೇಳಿದಳು.

"ದಿನಾ ಎಷ್ಟು ನೋಡತೀರಿ?"

ಕಾಕಾ ಬೊಗಸೆ ಮಾಡಿ ತೋರಿಸಿದರು. ತಮ್ಮ ಕೈಯನ್ನೇ ಮೊದಲ ಸಲ ಕಂಡವರಂತೆ ಅದನ್ನೇ ನೋಡಿದರು. "ಸಂತಿ ದಿನ... ಇನ್ನೂ ಜಾಸ್ತಿ."

ಕಾಕು ಅಣ್ಣನ ಕಡೆ ತಿರುಗಿದಳು. "ಉಂಡು ಹೋಗು. ನಾ ಬರಂಗಿಲ್ಲ." ಆಮೇಲೆ ಗಂಡನಿಗೆ, "ನಾಳಿಂದ ನೀವು ದರ ಹೇಳ್ರಿ. ಬೆಲ್ಲ ನಾ ನೋಡತೇನಿ."

"ಅಂಗಡ್ಯಾಗ ಹೆಣ್ಮಗಳು ಕುಂತ್ರ ಮಂದಿ ಏನಂದಾರು?"

"ಕುಡೀತಾನ ಅನ್ನೂದಕ್ಕಿಂತ ಚಲೋದನ್ನ ಅಂತಾರ."