ಎದುರು ಕುರ್ಚಿಯ ನಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೂಟಿಂಗಿಗೆ ಬಾಡಿಗೆ ಹಿಡಿದ ಬಂಗಲೆಯ ಹಾಲ್‌ನಲ್ಲಿ ದೀಪ, ವೈರುಗಳ ನಡುವೆ ಕಾಲಿಡಲು ಜಾಗವಿಲ್ಲ. ಕ್ಯಾಮೆರಾಕ್ಕೆ ಒತ್ತಿಕೊಂಡಂತೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂರಬೇಕಾದ ಮನುಷ್ಯ ಗೋಡೆಗೆ ಒರಗಿ ನಿಂತು ಒಳಗೊಳಗೇ ಕುದಿಯುತ್ತಿದ್ದಾರೆ. ಕುರ್ಚಿಯ ಮೇಲೆ ಒಂದು ಸ್ಪೀಕರ್ ಕೂತಿದೆ.

ಸೆಟ್ಟಿನಲ್ಲಿ ಎಲ್ಲರಿಗೂ ಅವರು 'ಎದುರಣ್ಣ'. ಕೆಲಸವೇ ಅಂಥದ್ದು. ದೊಡ್ಡ ನಟರು ತಮ್ಮ ಮುಖದ ಶಾಟ್ ಮುಗಿದದ್ದೇ ತಡ, ಕಾರು ಹತ್ತುತ್ತಾರೆ. ಆಮೇಲೆ ಎದುರು ಪಾತ್ರದ ಮುಖ ತೆಗೆಯುವಾಗ ಆ ನಟರ ಮಾತನ್ನು ಯಾರಾದರೂ ಹೇಳಬೇಕಲ್ಲ? ಹೇಳುವವರು ಎದುರಣ್ಣ. ಅಪ್ಪನಾಗಿ ಬೈಯುತ್ತಾರೆ, ಪ್ರೇಮಿಯಾಗಿ ಗೋಗರೆಯುತ್ತಾರೆ, ನಿಜವಾಗಿಯೂ ಅಳುತ್ತಾರೆ. ಕ್ಯಾಮೆರಾ ಮಾತ್ರ ಇವರತ್ತ ತಿರುಗುವುದಿಲ್ಲ, ದನಿಯನ್ನೂ ಆಮೇಲೆ ಅಳಿಸುತ್ತಾರೆ. ಪರದೆಯ ಮೇಲೆ ಸಾಕುನಾಯಿಗೂ ಹೆಸರು ಬರುತ್ತದೆ, ಇವರಿಗೆ ಬರುವುದಿಲ್ಲ!

"ಪಾಪ ಅಂತ ಮಾತ್ರ ಬರೀಬೇಡಿ, ದಮ್ಮಯ್ಯ," ಎಂದು ಸಂದರ್ಶನಕ್ಕೆ ಬಂದ ನನ್ನನ್ನು ಮೊದಲೇ ಗದರುತ್ತಾರೆ. "ಹೆಸರು ಬರಲಿಲ್ವಾ, ಬೇಜಾರಾಗಲ್ವಾ, ಬರೀ ಇದೇ. ಅಲ್ಲ ರೀ, ಕೆಲಸ ಹೇಗ್ ಮಾಡ್ತೀರಿ ಅಂತ ಒಬ್ರಾದ್ರೂ ಕೇಳಬಾರದಾ?"

ನಾಟಕದಲ್ಲಿ ರಾಜನ ಪಾತ್ರ ಮಾಡಿ ಚಪ್ಪಾಳೆ ಗಿಟ್ಟಿಸಿದವರು. ನಾಯಕನಾಗಬೇಕೆಂದೇ ಸಿನಿಮಾಕ್ಕೆ ಬಂದರು, ಆಗಲಿಲ್ಲ. ಒಮ್ಮೆ ನಾಯಕರು ಬಾರದಿದ್ದಾಗ ಈ ಕುರ್ಚಿಯಲ್ಲಿ ಕೂರಿಸಿದರು, ಕೂತೇಬಿಟ್ಟರು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತಂತೆ. ಒಂದು ಧಾರಾವಾಹಿಯಲ್ಲಿ ಹೇಗೋ ಅವರ ಕಿವಿಯೊಂದು ಫ್ರೇಮಿನೊಳಗೆ ನುಸುಳಿತ್ತು. ಮನೆಯಲ್ಲಿ ಅವರ ಅತ್ತೆ ಕನ್ನಡಕ ಏರಿಸಿ, ಟೀವಿಗೆ ಮೂಗು ತಾಗಿಸಿ, "ಅಳಿಯಂದ್ರು ಎಲ್ಲಮ್ಮಾ?" ಎಂದು ಕೇಳಿ, ಮಗಳು ತೋರಿಸುವಷ್ಟರಲ್ಲಿ ಕಿವಿ ಹೋಗಿಯಾಗಿತ್ತು.

ಹೆಂಡತಿಯ ಸಿಟ್ಟು ಬೇರೆ. "ಯಾರೂ ನೋಡ್ದೇ ಇದ್ರೂ ಅತ್ತು ಅತ್ತು ಗಂಟಲು ಕಟ್ಟಿಸ್ಕೊಂಡು ಬರ್ತಾರೆ. ಸುಮ್ನೆ ಓದಿ ಬಂದ್ರೆ ಆಗಲ್ವಾ?"

"ಆಗಲ್ಲ," ಎನ್ನುತ್ತಾರೆ ಇವರು. "ನಾನು ಸುಳ್ಳು ಅತ್ತರೆ, ಎದುರಿನವರಿಗೆ ನಿಜವಾದ ಅಳು ಎಲ್ಲಿಂದ ಬರಬೇಕು?"

ಇವತ್ತಿನ ತಲೆನೋವು ಆ ಸ್ಪೀಕರ್. ದೊಡ್ಡ ನಟರ ಮಾತನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದಾರೆ. ಇದು ಸರಿಹೋದರೆ ನಾಳೆಯಿಂದ ಬರುವುದೇ ಬೇಡ ಎಂದು ಮ್ಯಾನೇಜರ್ ಇವರಿಗೆ ಹೇಳಿಯಾಗಿದೆ. ದೃಶ್ಯ ಇಷ್ಟೇ: ಮನೆ ಬಿಟ್ಟು ಹೋಗಿದ್ದ ಅಪ್ಪ ವರ್ಷಗಳ ಮೇಲೆ ಬಂದು, "ಎಷ್ಟು ಎತ್ತರ ಆಗಿದ್ದೀಯೇ!" ಎನ್ನುತ್ತಾನೆ. ಮಗಳ ದುಃಖ ಕಟ್ಟೆಯೊಡೆಯಬೇಕು. ಹೊಸ ನಟಿ ಸ್ಪೀಕರನ್ನೇ ಅಪ್ಪ ಅಂದುಕೊಳ್ಳಲು ಹೆಣಗುತ್ತಾಳೆ. ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಅದು ಮುಂದಿನ ಮಾತು ಹೇಳಿಬಿಡುತ್ತದೆ. ಮತ್ತೊಂದು ಟೇಕ್. ಮತ್ತೂ ಒಂದು. ನಿರ್ದೇಶಕರು ಹುಡುಗಿಯ ಮೇಲೆ ರೇಗುತ್ತಾರೆ.

"ಅವಳಿಗೇನ್ ಬೈತೀರಿ? ಆ ಡಬ್ಬಾಕ್ಕೆ ಬೈರಿ!" ಎದುರಣ್ಣನಿಗೆ ತಡೆಯಲಾಗುವುದಿಲ್ಲ.

ನಿರ್ದೇಶಕರು ಸೋತು ಕುರ್ಚಿಯತ್ತ ಕೈ ತೋರಿಸುತ್ತಾರೆ. ಎದುರಣ್ಣ ಸ್ಪೀಕರನ್ನು ಎತ್ತಿ ಕೆಳಗಿಟ್ಟು ಕೂರುತ್ತಾರೆ. ಹುಡುಗಿಯ ಮುಖ ನೋಡುತ್ತಾರೆ, ನೋಡಲಾಗದೆ ನೆಲ ನೋಡುತ್ತಾರೆ, ಮತ್ತೆ ತಲೆಯೆತ್ತುತ್ತಾರೆ. ಅವಳ ತುಟಿ ಅದುರಿದ ಮೇಲಷ್ಟೇ, "ಎಷ್ಟು ಎತ್ತರ..." ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಕಟ್! ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟುತ್ತಾರೆ. ಇವರು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಮ್ಯಾನೇಜರ್ ಓಡಿಬರುತ್ತಾರೆ. "ಸೂಪರ್ ಎದುರಣ್ಣ! ಹೀಗೇ ನಿಲ್ಲಿಸಿ ನಿಲ್ಲಿಸಿ ಎಲ್ಲಾ ಸೀನೂ ರೆಕಾರ್ಡ್ ಮಾಡ್ಕೊಟ್ಬಿಡಿ."

ಎದುರಣ್ಣ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಎಲ್ಲಿ ನಿಲ್ಲಿಸಬೇಕು ಅಂತ ನಂಗೇ ಗೊತ್ತಿರಲ್ಲ ಮಾರಾಯ್ರೇ! ಅದನ್ನ ಆ ಮಗು ಮುಖ ನೋಡೇ ತಿಳ್ಕೋಬೇಕು."

"ನಾಳೆ ಬೇಗ ಬನ್ನಿ," ಎಂದು ನಿರ್ದೇಶಕರು ಮಾನಿಟರಿನ ಹಿಂದಿನಿಂದ ಕೂಗುತ್ತಾರೆ. ಎದುರಣ್ಣನ ಭುಜ ಈಗ ಸ್ವಲ್ಪ ಸಡಿಲವಾಗುತ್ತದೆ. ಕೊನೆಗೂ ಒಂದು ಆಸೆ ಬಾಯಿಬಿಟ್ಟು ಹೇಳುತ್ತಾರೆ, ಅದನ್ನೂ ಗೊಣಗುತ್ತಲೇ.

"ಸಿನಿಮಾ ಬಂದಾಗ ನನ್ನ ಹುಡುಕೋಕೆ ಹೋಗಬೇಡಿ, ಸಿಗಲ್ಲ. ಆ ಹುಡುಗಿ ಅಳ್ತಾ ಯಾರನ್ನೋ ನೋಡ್ತಾ ಇರ್ತಾಳಲ್ಲ, ಅದನ್ನ ನೋಡಿ ಸಾಕು. ಅವಳು ನೋಡ್ತಾ ಇರೋದು ನನ್ನನ್ನೇ."